ಇನ್ನೂರ ಮೂವತ್ತಾರನೆಯ ಹೊಸ್ತಿಲು

ನಮ್ಮೂರಿಗೆ ಚಳಿಜ್ವರ ಬರುವುದು ಕಾರ್ತಿಕ ಮುಗಿಯುವ ಹೊತ್ತಿಗೆ. ಮೊದಲು ಕೆರೆ ಒಡ್ಡಿನ ಮೇಲಿರುವ ಕಾವಲುಗಾರನ ಮನೆ, ಆಮೇಲೆ ಅದರ ಪಕ್ಕದ ಮನೆ, ಆಮೇಲೆ ಅದರ ಪಕ್ಕದ್ದು. ಹೀಗೇ ಸಾಲಾಗಿ ಆರುನೂರ ನಲವತ್ತು ಬಾಗಿಲು. ಬೆಳಗ್ಗೆ ಆರಕ್ಕೆ ಶುರುಮಾಡಿ ಸಂಜೆ ಆರಕ್ಕೆ ನಿಲ್ಲಿಸುತ್ತದೆ. ಒಂದೊಂದು ಮನೆಯಲ್ಲಿ ಎರಡೆರಡು ತಾಸು, ದಿನಕ್ಕೆ ಆರು ಮನೆ. ನಮ್ಮೂರಿನ ಯಾವ ಕಚೇರಿಯೂ ಇಷ್ಟು ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಜ್ವರ ಯಾವ ಮನೆಯಲ್ಲಿದೆಯೋ ಆ ಮನೆಯ ಹೊಸ್ತಿಲು ಬೆಚ್ಚಗಿರುತ್ತದೆ. ಅದನ್ನು ಮುಟ್ಟಿ ನೋಡುವುದು ನನ್ನ ಕೆಲಸ. ಆರೋಗ್ಯ ಕೇಂದ್ರದಲ್ಲಿ ನಾನು ನರ್ಸು, ಇಪ್ಪತ್ತೆರಡು ವರ್ಷದ ನೌಕರಿ. ಊರವರ ಬಾಯಲ್ಲಿ ಮಾತ್ರ ಲೆಕ್ಕದ ದಾನಮ್ಮ. ಹೊಸ್ತಿಲು ತಣ್ಣಗಾದ ಮೇಲೆ ಬಾಗಿಲ ಚೌಕಟ್ಟಿನ ಮೇಲೆ ನೀಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ಗೆರೆ ಬಿತ್ತೆಂದರೆ ಜ್ವರ ಆ ಮನೆಯನ್ನು ಹಾಯ್ದು ಹೋಯಿತು, ಆ ವರ್ಷ ಮತ್ತೆ ಬರುವುದಿಲ್ಲ ಎಂದು ಅರ್ಥ. ಆ ದಿನಗಳಲ್ಲಿ ನಾನಲ್ಲದೆ ಬೇರೆ ಯಾರೂ ಹೊಸ್ತಿಲು ಮುಟ್ಟುವುದಿಲ್ಲ. ಮುಟ್ಟಿದರೆ ಜ್ವರ ಅಲ್ಲೇ ನಿಂತುಬಿಡುತ್ತದೆ ಎಂಬ ಹೆದರಿಕೆ. ಹಾಗಾಗಿ ಜ್ವರ ಎಲ್ಲಿದೆ ಎಂದು ಊರಿಗೆ ಗೊತ್ತಾಗುವುದು ನನ್ನ ಗೆರೆಯಿಂದ ಮಾತ್ರ.

ಹಾಯ್ದ ಮನೆಯಲ್ಲೆಲ್ಲ ಜನ ಮಲಗುತ್ತಾರೆ ಅಂತಲೂ ಅಲ್ಲ. ಒಂದು ಮನೆಯಲ್ಲಿ ನಾಲ್ಕು ಹಾಸಿಗೆ ಬೀಳುತ್ತವೆ, ಇನ್ನೊಂದರಲ್ಲಿ ಯಾರೂ ಒಂದು ಸೀನನ್ನೂ ಸೀನುವುದಿಲ್ಲ. ಗಟ್ಟಿಮುಟ್ಟಾದವರು ವಾರದಲ್ಲಿ ಎದ್ದು ಕೂರುತ್ತಾರೆ. ಅಪಾಯವಿರುವುದು ಬಸುರಿಯರಿಗೆ, ಹಸುಗೂಸುಗಳಿಗೆ, ದಮ್ಮಿನವರಿಗೆ. ಅಂಥವರನ್ನು ತಮ್ಮ ಮನೆಯ ಸರದಿ ಬರುವ ಮೊದಲೇ ಗೆರೆ ಬಿದ್ದ ಮನೆಗೆ ಸಾಗಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಯಾರೂ ಇಲ್ಲ ಅನ್ನುವುದಿಲ್ಲ, ಜಾತಿ ಮತ ಕೇಳುವುದಿಲ್ಲ. ಇವತ್ತು ನಿಮ್ಮ ಸೊಸೆ ನಮ್ಮಲ್ಲಿ, ಬರುವ ವರ್ಷ ನಮ್ಮ ಅತ್ತೆ ನಿಮ್ಮಲ್ಲಿ. ಇನ್ನು ಬೀಗ ಹಾಕಿದ ಮನೆಯಿದ್ದರೆ ಜ್ವರ ಅಲ್ಲಿ ನಿಲ್ಲದೆ ನೇರ ಮುಂದಿನ ಮನೆಗೆ ಹೋಗುತ್ತದೆ. ಆದರೆ ಎಲ್ಲ ಮನೆ ಮುಗಿದ ಮೇಲೆ ಬಿಟ್ಟ ಮನೆಗೆ ತಿರುಗಿ ಬರುತ್ತದೆ, ಆಗ ಅದರ ಸಿಟ್ಟೇ ಬೇರೆ. ಅದಕ್ಕೇ ತಮ್ಮ ಸರದಿ ಮುಗಿಯುವ ತನಕ ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಒಂದು ವರ್ಷ ಯಾರೋ ತಿಳಿಯದೆ ಎರಡು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರು. ಜ್ವರ ನಾಲ್ಕು ತಾಸು ಮೊದಲೇ ಮುಂದಿನ ಮನೆಗೆ ನುಗ್ಗಿತು. ಆ ಮನೆಯ ಬಸುರಿಯನ್ನು ಸಾಗಿಸಲು ಗಾಡಿ ಬಂದು ಬಾಗಿಲಲ್ಲೇ ನಿಂತಿತ್ತು. ಆರನೆಯ ದಿನ ಅವಳು ನನ್ನ ಕೈಯಲ್ಲೇ ತೀರಿಕೊಂಡಳು.

ಅದಾದ ಮೇಲೆ ನನಗೆ ಸೂಜಿಯೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲ. ಲಸಿಕೆ ಪ್ರತಿ ವರ್ಷ ಬರುತ್ತದೆ, ಐಸಿನ ಡಬ್ಬಿಯಲ್ಲಿ, ಬೇಕಾದಷ್ಟು. ಆದರೆ ಅದು ಮೈಗೆ ಹತ್ತಲು ಎರಡು ವಾರ ಬೇಕು. ನಮ್ಮ ಜನಕ್ಕೆ ಅದೊಂದು ಮಾತು ತಲೆಗೆ ಹೋಗುವುದಿಲ್ಲ. ನೂರು ಮನೆ ಆಚೆ ಇರುವ ಜ್ವರಕ್ಕೆ ಇವತ್ತೇಕೆ ತೋಳು ಚುಚ್ಚಿಸಿಕೊಳ್ಳಬೇಕು? ಗೆರೆ ಪಕ್ಕದ ಓಣಿಗೆ ಬಂದಾಗ ಎದ್ದುಬಿದ್ದು ಓಡಿ ಬರುತ್ತಾರೆ. ಆಗ ನಾನು ಚುಚ್ಚಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಪ್ರತಿ ಶುಕ್ರವಾರ ರಾಜಧಾನಿಯ ಕಚೇರಿಗೆ ನಾನು ವರದಿ ಕಳಿಸಬೇಕು. ಈ ವಾರ ಜ್ವರ ಎಷ್ಟು, ಗಂಟಲ ಮಾದರಿ ಎಷ್ಟು, ಲಸಿಕೆ ಎಷ್ಟು. ಅವರು ಅದನ್ನೆಲ್ಲ ಸೇರಿಸಿ ರಾಜ್ಯದ ನಕ್ಷೆಗೆ ಬಣ್ಣ ಹಚ್ಚಿ ಎಲ್ಲರ ಮೊಬೈಲಿಗೆ ಹಾಕುತ್ತಾರೆ. ಲಸಿಕೆ ಚೆನ್ನಾಗಿ ಆದ ಊರು ಹಸಿರು, ಅರೆಬರೆ ಆದದ್ದು ಹಳದಿ, ನಮ್ಮದು ವರ್ಷವಿಡೀ ಕೆಂಪು. ಆ ಕಚೇರಿಯಿಂದ ಒಬ್ಬ ಹುಡುಗಿ ಫೋನು ಮಾಡುತ್ತಿದ್ದಳು. ದನಿ ಮೆತ್ತಗೆ, ಮಾತು ಖಾರ.

"ನೂರಕ್ಕೆ ಹದಿನೆಂಟು, ಮೇಡಂ. ಇಡೀ ರಾಜ್ಯದಲ್ಲಿ ನಿಮ್ಮೂರೇ ಕೊನೇದು. ಜನಕ್ಕೆ ನೀವು ತಿಳಿಸಿ ಹೇಳ್ತಾನೇ ಇಲ್ವೇನೋ ಅಂತ ಇಲ್ಲಿ ಅಂತಿದ್ದಾರೆ."

ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ಚಪ್ಪಲಿ ಸವೆಸಿದವಳಿಗೆ ಅದನ್ನು ಕೇಳಿ ಮೈ ಉರಿದುಹೋಯಿತು. ಆದರೆ ಸುಳ್ಳು ಗೆರೆ ಎಳೆದದ್ದು ಆ ಸಿಟ್ಟಿಗಲ್ಲ. ನನ್ನ ಮಗಳಿಗಾಗಿ.

ಶಿವಲೀಲಾ ನನ್ನ ಒಬ್ಬಳೇ ಮಗಳು. ಇದೇ ಊರಿನ ನೇಕಾರ ಓಣಿಗೆ ಕೊಟ್ಟಿದ್ದೆ, ಮುನ್ನೂರನೆಯ ಬಾಗಿಲು. ಆ ಬಸುರಿ ತೀರಿಕೊಂಡ ಮರುವರ್ಷ ಇವಳಿಗೆ ಏಳು ತಿಂಗಳು ತುಂಬಿತ್ತು. ಸೂಜಿ ಹಾಕಿಸು ಎಂದು ಅವಳ ಅತ್ತೆ ಚನ್ನಬಸವ್ವನಿಗೆ ನಾನು ಹೇಳದ ದಿನವಿಲ್ಲ.

"ಬೀಗತಿ, ನಿಮಗ ಮನ್ಯಾಗೂ ಡ್ಯೂಟೀನ ಏನು?" ಎಂದು ಆಕೆ ನಗುತ್ತಿದ್ದಳು. "ಜ್ವರ ಇನ್ನೂ ಎಲ್ಲೋ ಐತಿ. ಹತ್ರ ಬರಲಿ, ಸೂಜೀನೂ ಹಾಕಸೂಣು, ಹಾಯ್ದ ಮನೀಗೆ ಕರಕೊಂಡೂ ಹೋಗೂಣು. ಬಸುರಿ ಹುಡುಗಿಗಿ ಸುಮ್ಮಸುಮ್ಮನ ಯಾಕ ಚುಚ್ಚೂದು?"

ಮಗಳು ಅತ್ತೆಯ ಹಿಂದೆ ನಿಂತು ಕಣ್ಣಲ್ಲೇ 'ಬಿಡು ಅವ್ವಾ' ಅನ್ನುತ್ತಿದ್ದಳು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಹಿಂದಿನ ವರ್ಷದ ಆ ಬಸುರಿಯ ಉಸಿರಾಟ ಕೇಳಿಸುತ್ತಿತ್ತು, ಆಮೇಲೆ ಮುಖ ನೋಡಿದರೆ ಅದು ಶಿವಲೀಲಾಳದು.

ಒಂದು ಸೋಮವಾರ ಜ್ವರ ಇನ್ನೂರ ಒಂಬತ್ತನೆಯ ಬಾಗಿಲಲ್ಲಿತ್ತು. ಮಗಳ ಮನೆಗೆ ಇನ್ನು ತೊಂಬತ್ತೊಂದು ಬಾಗಿಲು, ಅಂದರೆ ಹದಿನೈದು ದಿನ. ಇವತ್ತು ನಾಳೆಯೊಳಗೆ ಸೂಜಿ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ಆ ಬೆಳಗ್ಗೆ ನಾನು ಸೀಮೆಸುಣ್ಣ ಹಿಡಿದು ಗಾಣಿಗರ ಓಣಿಗೆ ಹೋದೆ. ಒಂದೂ ಹೊಸ್ತಿಲು ಮುಟ್ಟದೆ ಇನ್ನೂರ ನಲವತ್ತೊಂದರ ತನಕ ಗೆರೆ ಎಳೆದುಬಿಟ್ಟೆ. ಮೂವತ್ತಮೂರು ಗೆರೆ.

"ಏನ್ರಿ ನರ್ಸಬಾಯಿ, ಒಮ್ಮಿಗೇ ಇಷ್ಟು ಮನಿ?" ಎಂದು ಕೇಳಿದವನು ಇಮಾಮಸಾಬ. ರಿಟೈರಾದ ಬಸ್ ಕಂಡಕ್ಟರು, ಇನ್ನೂರ ಮೂವತ್ತಾರನೆಯ ಬಾಗಿಲು, ಓಣಿಯಲ್ಲೇ ದೊಡ್ಡ ಪಡಸಾಲೆ ಅವನದು.

"ಈ ಸಲ ಓಡಾಕ ಹತ್ತೈತಿ ಇಮಾಮಣ್ಣ," ಎಂದೆ. "ನಿಮ್ಮನ್ನೆಲ್ಲ ನಿನ್ನೇನ ಹಾದು ಹೋಗೈತಿ. ನಿಮಗ ಗೊತ್ತ ಆಗಿಲ್ಲ."

"ಅಲ್ಲಾ ದೊಡ್ಡಾವ," ಎಂದು ಅವನು ಎರಡೂ ಕೈಯನ್ನು ಮುಖಕ್ಕೆ ಸವರಿಕೊಂಡ. ಇಡೀ ಓಣಿ ಹೊರಗೆ ಬಂದು ನಿಂತು ನಕ್ಕಿತು. ಯಾರಿಗೂ ಏನೂ ಆಗದೆ ಪಾರಾದೆವಲ್ಲ ಎಂದು ಒಬ್ಬರು ನನಗೆ ಚಹಾ ಕೊಟ್ಟರು. ಕುಡಿದೆ.

ಉಪಾಯ ಫಲಿಸಿತು. ಗೆರೆ ಇನ್ನೂರ ನಲವತ್ತೊಂದಕ್ಕೆ ಬಂದಿದೆ, ಜ್ವರ ಓಡುತ್ತಿದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ನೇಕಾರ ಓಣಿ ಮುಟ್ಟಿತು. ಮಂಗಳವಾರ ಬೆಳಗ್ಗೆ ಕೇಂದ್ರದ ಬಾಗಿಲು ತೆಗೆಯುವಷ್ಟರಲ್ಲಿ ನಲವತ್ತು ಜನ ಕಾದಿದ್ದರು, ಎಲ್ಲರಿಗಿಂತ ಮುಂದೆ ಚನ್ನಬಸವ್ವ, ಸೊಸೆಯ ಕೈ ಹಿಡಿದುಕೊಂಡು. ಮಗಳ ತೋಳಿಗೆ ಸೂಜಿ ಹಾಕುವಾಗ ನನ್ನ ಕಣ್ಣಲ್ಲಿ ನೀರು ಬಂತು. "ನೋವು ನನಗ, ಅಳೂದು ನೀನು?" ಎಂದು ಶಿವಲೀಲಾ ನಕ್ಕಳು. ಮೂರು ದಿನದಲ್ಲಿ ನೂರ ಎಪ್ಪತ್ತು ಜನಕ್ಕೆ ಲಸಿಕೆಯಾಯಿತು. ರಾಜಧಾನಿಯ ಹುಡುಗಿ ತಾನಾಗೇ ಫೋನು ಮಾಡಿ, "ಏನ್ ಮೇಡಂ, ಏನ್ ಮಾಡಿದ್ರಿ?" ಎಂದು ಕೇಳಿದಳು. ತಿಳಿಸಿ ಹೇಳಿದೆ ಎಂದೆ.

ಗಾಣಿಗರ ಓಣಿಯವರ ಬಗ್ಗೆ ನಾನು ಯೋಚಿಸಿರಲಿಲ್ಲವೆಂದಲ್ಲ. ಅಲ್ಲಿ ನನಗೆ ಗೊತ್ತಿದ್ದಂತೆ ಬಸುರಿಯರಿರಲಿಲ್ಲ, ಕೂಸುಗಳಿರಲಿಲ್ಲ. ನಿಜವಾದ ಜ್ವರ ಶನಿವಾರದೊಳಗೆ ಆ ಮನೆಗಳನ್ನೆಲ್ಲ ಹಾಯುತ್ತದೆ, ನಾಲ್ಕು ಜನ ಕೆಮ್ಮುತ್ತಾರೆ, ಗೆರೆ ಬಿದ್ದ ಮೇಲೂ ಎರಡು ದಿನಕ್ಕೆ ಜ್ವರ ಏಳುವುದುಂಟು ಎಂದು ಸಮಾಧಾನ ಹೇಳಿದರಾಯಿತು. ಹೀಗೆ ಲೆಕ್ಕ ಹಾಕಿದ್ದೆ. ಗೆರೆ ಬಿದ್ದ ಮನೆಗೆ ಈ ಊರಿನವರು ಏನು ಮಾಡುತ್ತಾರೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಅದೊಂದೇ ನನ್ನ ತಲೆಗೆ ಹೊಳೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ಚಪ್ಪಲಿಯ ಪಟ್ಟಿ ಸರಿಮಾಡುವ ನೆವದಲ್ಲಿ ಬಗ್ಗಿ, ಇನ್ನೂರ ಮೂವತ್ತನಾಲ್ಕರ ಹೊಸ್ತಿಲಿಗೆ ಬೆರಳು ತಾಗಿಸಿದೆ. ಬೆಚ್ಚಗಿತ್ತು. ಏಳುವಷ್ಟರಲ್ಲಿ ಎರಡು ಮನೆಯ ಆಚೆಯಿಂದ ನಗು ಕೇಳಿಸಿತು. ಆ ನಗುವನ್ನು ಸಾವಿರ ಜನರ ನಡುವೆಯೂ ಗುರುತಿಸಬಲ್ಲೆ. ಸರಸರ ಆ ಕಡೆ ನಡೆದೆ.

ಇಮಾಮಸಾಬನ ಪಡಸಾಲೆಯಲ್ಲಿ ಚಾಪೆ ಹಾಸಿ ಒಂಬತ್ತು ಜನ ಕೂತಿದ್ದರು. ದಮ್ಮಿನ ಮುದುಕರು ನಾಲ್ವರು, ಬಸುರಿಯರು ಮೂವರು, ಅವರಲ್ಲೊಬ್ಬಳು ನನ್ನ ಮಗಳು. ಮೂಲೆಯ ಮಂಚದ ಮೇಲೆ ನೇಕಾರ ಓಣಿಯ ನೀಲವ್ವ, ತೊಡೆಯ ಮೇಲೆ ಅವಳ ನಾಲ್ಕು ತಿಂಗಳ ಗಂಡುಕೂಸು. ಆರು ತಿಂಗಳು ತುಂಬದ ಕೂಸಿಗೆ ಸೂಜಿಯೂ ಹಾಕುವಂತಿಲ್ಲ, ಅದಕ್ಕೇ ಎತ್ತಿಕೊಂಡು ಬಂದಿದ್ದಾಳೆ.

"ಬರ್ರಿ ಬೀಗತಿ," ಎಂದು ಚನ್ನಬಸವ್ವ ಅಡುಗೆಮನೆಯಿಂದ ಕೂಗಿದಳು. "ನಿನ್ನೆ ಸಂಜೀನ ಕರಕೊಂಡು ಬಂದೆ. ನೀವು ಹೇಳಿದಂಗ ಸೂಜಿ ಹಾಕಸೇನಿ, ಹಾಯ್ದ ಮನ್ಯಾಗೂ ಇಟ್ಟೇನಿ. ಈಗರ ಸಮಾಧಾನ ಆತಿಲ್ಲೊ?"

ಸೂಜಿ ಬಿದ್ದು ಮೂರೇ ದಿನ. ಅದು ಇನ್ನೂ ಏನೂ ಕೆಲಸ ಮಾಡಿರಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸಿದೆ. ಮೂವತ್ತನಾಲ್ಕರಲ್ಲಿ ಹತ್ತರ ತನಕ, ಮೂವತ್ತೈದರಲ್ಲಿ ಹನ್ನೆರಡರ ತನಕ. ಇಲ್ಲಿಗೆ ಹನ್ನೆರಡಕ್ಕೆ. ಇನ್ನೂ ಮೂರು ತಾಸು ಇದೆ.

ಆಗ ಹೇಳಬೇಕಿತ್ತು. ನಾಲ್ಕೇ ಮಾತು: ಗೆರೆ ಸುಳ್ಳು, ಎಲ್ಲರೂ ಏಳಿ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಇಮಾಮಸಾಬ, "ನಮ್ಮ ನರ್ಸಬಾಯಿ ಇದ್ದಿದ್ದಕ್ಕ ಬದುಕೇವಿ ನೋಡ್ರಿ," ಎಂದು ಎಲ್ಲರಿಗೂ ನನ್ನನ್ನು ತೋರಿಸಿದ. ಒಂಬತ್ತು ಮುಖ ನನ್ನ ಕಡೆ ತಿರುಗಿದವು. ನನಗೆ ಹೆದರಿಕೆಯಾಯಿತು. ಜ್ವರದ ಹೆದರಿಕೆಯಲ್ಲ, ಆ ಮುಖಗಳ ಹೆದರಿಕೆ. ಮೊದಲು ಮಗಳನ್ನು ಸಾಗಿಸಿ ಬರುತ್ತೇನೆ, ಆಮೇಲೆ ಏನಾದರೊಂದು ನೆವ ಹೇಳಿ ಇವರನ್ನು ಎಬ್ಬಿಸುತ್ತೇನೆ, ಹೊತ್ತಿದೆ ಎಂದುಕೊಂಡೆ.

"ಶಿವಲೀಲಾ, ಏಳು. ನಿನ್ನ ಬೀಪಿ ನೋಡಬೇಕು, ಕೇಂದ್ರಕ್ಕ ನಡಿ," ಎಂದೆ.

"ಇಲ್ಲೇ ನೋಡು ಅವ್ವಾ."

"ಏಳು ಅಂದ್ರ ಏಳು."

ಕೈ ಹಿಡಿದು ಎಬ್ಬಿಸಿದೆ. ನಾವು ಬಾಗಿಲು ದಾಟುವಾಗ ನೀಲವ್ವ, "ಅಕ್ಕಾರ, ನನ್ನ ಕೂಸಿಗಿ ಸೊಲ್ಪ ಮೂಗು ಕಟ್ಟೈತಿ, ಬಂದ ಮ್ಯಾಲ ನೋಡ್ತೀರಿ?" ಎಂದಳು. ಬಂದು ನೋಡುತ್ತೇನೆ ಎಂದೆ.

ಆಟೋ ಸಿಗಲು ಹೊತ್ತಾಯಿತು. ಮಗಳನ್ನು ಊರಿನ ಇನ್ನೊಂದು ತುದಿಗೆ, ಒಡ್ಡಿನ ಹತ್ತಿರ ನಲವತ್ತನೆಯ ಬಾಗಿಲಿಗೆ ಕರೆದೊಯ್ದೆ. ನನ್ನ ಕೈಯಾರೆ ಮುಟ್ಟಿ, ತಣ್ಣಗಾದದ್ದು ನೋಡಿ ಗೆರೆ ಎಳೆದ ಮನೆ ಅದು. ದಾರಿಯಲ್ಲಿ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಕೇಂದ್ರ ಈ ಕಡೆ ಅಲ್ಲವಲ್ಲ, ಎಲ್ಲಿಗೆ ಹೋಗುತ್ತಿದ್ದೇವೆ? ಆ ಮನೆಯವರು ಮಾತಿಲ್ಲದೆ ಒಳಗೆ ಕರೆದರು. ಅವಳನ್ನು ಕೂರಿಸಿ, ನೀರು ಕುಡಿಸಿ, ಅವಳ ಹಣೆ ಮುಟ್ಟಿ ನೋಡಿ, ಮತ್ತೊಮ್ಮೆ ಮುಟ್ಟಿ ನೋಡಿ ಹೊರಟಾಗ ಹನ್ನೊಂದು ಹತ್ತಿರವಾಗಿತ್ತು. ತಿರುಗಿ ಬರುವಾಗ ಆಟೋದಲ್ಲಿ ಕೂತು ನೆವ ಹುಡುಕುತ್ತಿದ್ದೆ. ಓಣಿಗೆ ಔಷಧ ಸಿಂಪಡಿಸುತ್ತಾರೆ, ಎರಡು ತಾಸು ಮನೆ ಖಾಲಿ ಮಾಡಿ ಅನ್ನಲೇ? ನನ್ನ ಹೆಸರು ಕೆಡದ ಹಾಗೆ ಅವರ ಜೀವ ಉಳಿಸುವ ದಾರಿ ಹುಡುಕುತ್ತಿದ್ದೆ. ಸಿಕ್ಕಿತು ಅನ್ನಿಸಿ ಒಂದು ಕ್ಷಣ ಹಗುರವೂ ಆದೆ.

ಓಣಿಗೆ ಕಾಲಿಟ್ಟಾಗ ಹನ್ನೊಂದೂವರೆ. ಮೂವತ್ತೈದರ ಬಾಗಿಲ ಮುಂದೆ ಬಂದೆ. ಅಲ್ಲಿ ಬೀಗ ನೇತಾಡುತ್ತಿತ್ತು.

ಎದುರು ಮನೆಯ ಕಟ್ಟೆಯ ಮೇಲೆ ಕೂತವಳು ನಾನು ಕೇಳದೆಯೇ ಹೇಳಿದಳು. "ಅವರು ನಿನ್ನೆ ಲಗ್ನಕ್ಕ ಹೋದರಲ್ರಿ. ಗೆರಿ ಬಿದ್ದಿತ್ತಲ್ಲ, ಇನ್ನೇನು ಚಿಂತಿ ಅಂತ ಎಲ್ಲಾರೂ ಹೋಗ್ಯಾರ."

ಬೆಳಗ್ಗೆ ಆ ಬಾಗಿಲ ಮುಂದೆಯೇ ಎರಡು ಸಲ ಹಾದುಹೋಗಿದ್ದೆ. ನೋಡಿರಲಿಲ್ಲ. ಈಗ ಓಡಿದೆ. ಇಮಾಮಸಾಬನ ಬಾಗಿಲಲ್ಲಿ ಎಲ್ಲರೂ ನೋಡುತ್ತಿರುವಂತೆಯೇ ಮಂಡಿಯೂರಿ ಎರಡೂ ಅಂಗೈ ಹೊಸ್ತಿಲ ಮೇಲೆ ಇಟ್ಟೆ. ಬೆಚ್ಚಗಿತ್ತು. ಆಗಷ್ಟೇ ಬಂದ ಬಿಸಿಯಲ್ಲ, ಒಂದೂವರೆ ತಾಸಿನಿಂದ ಕೂತ ಬಿಸಿ, ಕಲ್ಲಿನ ಒಳಗಿನಿಂದ ಬರುವಂಥದ್ದು.

"ಯಾಕ್ರಿ ನರ್ಸಬಾಯಿ, ಗೆರಿ ಬಿದ್ದ ಹೊಸ್ತಿಲಾ ಯಾಕ ಮುಟ್ಟತೀರಿ?" ಎಂದು ಇಮಾಮಸಾಬ ಕೇಳಿದ. ಅವನ ದನಿ ಆಗಲೇ ಬದಲಾಗಿತ್ತು.

"ಹೊರಗ ಬರ್ರಿ," ಎಂದೆ. "ಎಲ್ಲಾರೂ ಹೊರಗ ಬರ್ರಿ. ಇಲ್ಲೇ ಐತಿ. ಗೆರಿ ನಾ ಸುಳ್ಳ ಎಳದಿದ್ದೆ."

ಯಾರೂ ಏಳಲಿಲ್ಲ. ನಾನು ಹೇಳಿದ ಮಾತು ಅರ್ಥವಾಗಲು ಅವರಿಗೆ ಹೊತ್ತು ಬೇಕಾಯಿತು. ಮೊದಲು ಅರ್ಥವಾದದ್ದು ಚನ್ನಬಸವ್ವನಿಗೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೆಲ್ಲಗೆ, ಒಂದೊಂದೇ ಮಾತು ತೂಗಿ ಕೇಳಿದಳು. "ಮಗಳನ್ನ ಕರಕೊಂಡು ಹ್ವಾದಾಗ ನಿಮಗ ಗೊತ್ತಿತ್ತು?"

ನಾನು ತಲೆ ಅಲ್ಲಾಡಿಸಿದೆ. ಹೌದು ಎಂದು.

ಮುದುಕರನ್ನು ಎತ್ತಿ ಹೊರಗೆ ತಂದರು. ಬಸುರಿಯರು ಗೋಡೆ ಹಿಡಿದುಕೊಂಡು ಬಂದರು. ನೀಲವ್ವ ಮಾತ್ರ ಮಂಚದಿಂದ ಇಳಿಯದೆ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ಮುಚ್ಚಿಕೊಂಡರೆ ಜ್ವರಕ್ಕೆ ಕಾಣುವುದಿಲ್ಲ ಎಂಬಂತೆ. ನಾನು ಕೈ ಚಾಚಿದೆ. "ಮುಟ್ಟಬ್ಯಾಡ್ರಿ," ಎಂದಳು. ಬೈಯಲಿಲ್ಲ, ಕೂಗಲಿಲ್ಲ.

ಮರುದಿನ ಇಮಾಮಸಾಬನಿಗೆ ಜ್ವರ ಬಂತು, ಒಬ್ಬ ಮುದುಕನಿಗೆ ಬಂತು, ಬಸುರಿಯರಿಗೆ ಬರಲಿಲ್ಲ. ಕೂಸಿಗೆ ಭಾನುವಾರ ಬಂತು. ಅದನ್ನು ಜಿಲ್ಲೆಯ ಆಸ್ಪತ್ರೆಗೆ ಒಯ್ದರು, ನಾನೂ ಹೋದೆ, ಬಾಗಿಲ ಹೊರಗೇ ಕೂತೆ. ಗಾಜಿನೊಳಗಿಂದ ಅದರ ಪುಟ್ಟ ಪಕ್ಕೆ ಏರಿ ಇಳಿಯುವುದು ಕಾಣುತ್ತಿತ್ತು. ಎಣಿಸಿದೆ, ನಿಮಿಷಕ್ಕೆ ಎಷ್ಟು ಎಂದು. ಎಣಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ನನಗೆ. ಬುಧವಾರ ಬೆಳಗ್ಗೆ ಕೂಸು ಹೋಯಿತು.

ಶುಕ್ರವಾರದ ವರದಿಯಲ್ಲಿ ಎಲ್ಲವನ್ನೂ ಬರೆದೆ, ಸುಳ್ಳು ಗೆರೆಯದೂ. ಆದರೆ ಆ ನಮೂನೆಯಲ್ಲಿ ಗೆರೆ ಎಂಬುದಕ್ಕೆ ಕಾಲಂ ಇಲ್ಲ. ರಾಜಧಾನಿಯ ಹುಡುಗಿ ಫೋನು ಮಾಡಿ, "ಸಾವು ಒಂದು ಅಂತ ಇದೆ, ವಯಸ್ಸು ಶೂನ್ಯ ಅಂತ ಬಂದಿದೆ, ಸರಿ ಇದೆಯಾ ಮೇಡಂ?" ಎಂದಳು. ಸರಿ ಇದೆ ಎಂದೆ. ಉಳಿದದ್ದನ್ನು ಅವಳು ಕೇಳಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಬೇರೆ ಕಾಗದ ಬರೆದೆ, ಬದಲಿಗೆ ಯಾರೂ ಇಲ್ಲ ಎಂದು ಉತ್ತರ ಬಂತು.

ಶಿವಲೀಲಾಳಿಗೆ ಹೆಣ್ಣು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಬೇರೆಯವರಿಂದ ಕೇಳಿ ತಿಳಿದೆ. ಒಮ್ಮೆ ನೋಡಲು ಹೋದಾಗ ಅವಳೇ ಬಾಗಿಲಿಗೆ ಬಂದಳು. "ನನ್ನ ಕೈ ಹಿಡದು ಎಬ್ಬಿಸಿದ್ಯಲ್ಲ ಅವ್ವಾ, ಇನ್ನೊಂದು ಕೈ ಖಾಲೀನ ಇತ್ತು ನಿಂದು," ಎಂದಳು. ಒಳಗೆ ಕರೆಯಲಿಲ್ಲ. ಕೂಸಿನ ತಲೆಗೆ ಕಟ್ಟಲೆಂದು ನಾನು ತಂದಿದ್ದ ಕುಂಚಿಗೆಯನ್ನು ಕಟ್ಟೆಯ ಮೇಲಿಟ್ಟು ಬಂದೆ.

ಅವತ್ತಿನಿಂದ ಊರಿನಲ್ಲಿ ನನ್ನ ಗೆರೆಯನ್ನು ಯಾರೂ ನಂಬಲಿಲ್ಲ. ಜ್ವರ ಈಗ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯಲ್ಲಿರಬಹುದು, ತಮ್ಮ ಮನೆಯಲ್ಲೇ ಇರಬಹುದು. ಜನ ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂರತೊಡಗಿದರು. ಯಾರನ್ನೂ ಯಾರ ಮನೆಗೂ ಸಾಗಿಸುವಂತಿಲ್ಲ, ಯಾರೂ ಸೇರಿಸಿಕೊಳ್ಳುವಂತಿಲ್ಲ. ಆರುನೂರ ನಲವತ್ತು ಮನೆಗೂ ಒಂದೇ ದಿನ ಹೆದರಿಕೆ ಬಂತು. ಹಾಗಾಗಿ ಮರುವರ್ಷ ಲಸಿಕೆಯ ಡಬ್ಬಿ ಬಂದ ದಿನವೇ, ಜ್ವರ ಬರಲು ಇನ್ನೂ ಒಂದೂವರೆ ತಿಂಗಳಿರುವಾಗಲೇ, ಇಡೀ ಊರು ಕೇಂದ್ರದ ಮುಂದೆ ಸಾಲು ನಿಂತಿತು. ನಕ್ಷೆಯಲ್ಲಿ ನಮ್ಮೂರು ಹಸಿರಾಯಿತು. ಉಳಿದ ಊರುಗಳು ನಮ್ಮನ್ನು ನೋಡಿ ಕಲಿಯಬೇಕೆಂದು ಮೇಲಿನಿಂದ ಕಾಗದ ಬಂತು.

ಆ ದಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತವಳು ನೀಲವ್ವ. ಅವಳು ಮತ್ತೆ ಬಸುರಿಯಾಗಿದ್ದಳು, ಐದು ತಿಂಗಳಿರಬಹುದು. ಸ್ಟೂಲಿನ ಮೇಲೆ ಕೂತು ಕುಪ್ಪಸದ ತೋಳು ಮೇಲೆ ಸರಿಸಿದಳು. ನಾನು ಅರಳೆಯಿಂದ ಒರೆಸಿ ಸೂಜಿ ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದು ತಡೆದಳು.

"ಸೀಸೆ ತೋರಿಸ್ರಿ," ಎಂದಳು.

ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಹಿಂದೆ ನಿಂತವನ ಕೈಗೆ ಸೀಸೆ ಕೊಟ್ಟು ಓದಿಸಿದಳು, ಅವನ ಹಿಂದಿನವನಿಂದ ಇನ್ನೊಮ್ಮೆ ಓದಿಸಿದಳು. ಆಮೇಲೆ ನನ್ನ ಮಣಿಕಟ್ಟು ಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ತೋಳು ಮುಂದೆ ಚಾಚಿದಳು.